ಬೀಸುಕಲ್ಲಿನ ಮುಂದೆ ಹಾಡಿದ ಪದ

ನಿಮ್ಮ ಅಜ್ಜನಿಗೆ ಹೆಸರು ತಂದುಕೊಟ್ಟ ಆ ಬಂಡಿ ಹಾಡು ಅವರದಲ್ಲ. ನನ್ನ ಅಮ್ಮನದು. ಅದನ್ನು ಅವರಿಗೆ ಕೊಟ್ಟವಳು ನಾನು. ಕೊಟ್ಟ ತಪ್ಪಿಗೆ ನನ್ನ ಅಮ್ಮ ಮತ್ತೆ ನನ್ನನ್ನು ಹತ್ತಿರ ಸೇರಿಸಲಿಲ್ಲ. ಅಜ್ಜನ ಕತೆ ಬರೆದುಕೊಡು ಎಂದು ನೀವಿಬ್ಬರೂ ನೋಟ್‌ಬುಕ್ ತಂದುಕೊಟ್ಟು ಎರಡು ತಿಂಗಳಾಯಿತು. ಎಲ್ಲಿಂದ ಶುರು ಮಾಡಿದರೂ ಈ ಮಾತಿಗೇ ಬಂದು ನಿಲ್ಲುತ್ತಿತ್ತು. ಅದಕ್ಕೇ ಇದನ್ನೇ ಮೊದಲು ಬರೆದುಬಿಟ್ಟೆ. ಎದುರಿಗೆ ಕೂರಿಸಿಕೊಂಡು ಹೇಳು ಎಂದರೆ ನನಗೆ ಆಗುತ್ತಿರಲಿಲ್ಲ, ನಿಮಗೆ ಗೊತ್ತಲ್ಲ.

ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ಮೂರು ಮೈಲಿ ಒಳಗೆ ನಡೆದರೆ ನಮ್ಮೂರು. ಏಳನೇ ಕ್ಲಾಸು ಅಲ್ಲೇ ಮುಗಿಸಿದೆ. ನನ್ನನ್ನು ಕೇಳಿಕೊಂಡು ಬಂದಾಗ ನಿಮ್ಮ ಅಜ್ಜ ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸದಲ್ಲಿದ್ದರು.

"ಹುಡುಗ ಗಿಟಾರ್ ಬಾರಿಸ್ತಾನಂತೆ," ಎಂದರು ಮಾತುಕತೆಗೆ ಬಂದವರು.

"ಕುಡೀತಾನಾ?" ಎಂದು ಅಪ್ಪ ಕೇಳಿದರು.

"ಇಲ್ಲ, ಇಲ್ಲ."

"ಹಂಗಾರೆ ಏನ್ ಬೇಕಾರೂ ಬಾರಿಸ್ಕಳ್ಳಿ ಬಿಡಿ."

ಇಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು.

ಅವರ ವರ್ಕ್‌ಶಾಪಿನಲ್ಲಿ ಆಂಗ್ಲೋ ಇಂಡಿಯನ್ ಫೋರ್‌ಮನ್ ಒಬ್ಬರಿದ್ದರಂತೆ. ಊಟದ ಹೊತ್ತಿನಲ್ಲಿ ಇವರಿಗೆ ಗಿಟಾರಿನಲ್ಲಿ ನಾಲ್ಕು ಕಾರ್ಡ್ ಹಿಡಿಯುವುದನ್ನು ಹೇಳಿಕೊಟ್ಟು, ದೇಶ ಬಿಟ್ಟು ಹೋಗುವಾಗ ತಮ್ಮ ಹಳೆಯ ಗಿಟಾರನ್ನೇ ಕೊಟ್ಟುಹೋದರು. ಮಿಕ್ಕದ್ದನ್ನೆಲ್ಲ ಇವರು ರೇಡಿಯೋ ಕೇಳಿ ಕಲಿತದ್ದು. ಮದುವೆಯಾದ ಮೊದಲ ವರ್ಷಗಳಲ್ಲಿ ಒಂದು ಆರ್ಕೆಸ್ಟ್ರಾದಲ್ಲಿದ್ದರು. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಛತ್ರ ಎಲ್ಲ ಕಡೆಯೂ ಸಿನಿಮಾ ಹಾಡು. ಗಾಯಕರು ಮುಂದೆ ಕೋಟು ಹಾಕಿಕೊಂಡು ನಿಲ್ಲುತ್ತಿದ್ದರು. ಗಿಟಾರಿನವರು ಹಿಂದಿನ ಮೂಲೆಯಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂರಬೇಕು. ಅದೇ ಅವರಿಗೆ ಆಗದ ಮಾತು.

"ನಿಂತು ಬಾರಿಸ್ಬೇಕು ಕಣೇ. ಕೂತ್ಕೊಂಡು ಬಾರಿಸಿದ್ರೆ ಅರ್ಧ ಸದ್ದು ತೊಡೆಗೇ ಹೋಗುತ್ತೆ," ಎನ್ನುತ್ತಿದ್ದರು.

ಕೊನೆಗೆ ಆರ್ಕೆಸ್ಟ್ರಾ ಬಿಟ್ಟು ತಮ್ಮದೇ ಬ್ಯಾಂಡ್ ಕಟ್ಟಿದರು. ಐದು ಜನ. ಇವರನ್ನು ಬಿಟ್ಟರೆ ಎಲ್ಲರೂ ಇಪ್ಪತ್ತು ಇಪ್ಪತ್ತೈದರವರು, ಇವರಿಗೆ ಆಗಲೇ ತಲೆಯಲ್ಲಿ ಬಿಳಿ. ಡ್ರಮ್ಸಿನವನು ಎಲೆಕ್ಟ್ರಿಷಿಯನ್. ಹಾಡುವವನು ಒಂದು ಕೊರಿಯರ್ ಆಫೀಸಿನಲ್ಲಿದ್ದ, ಕೂದಲನ್ನು ನನ್ನಷ್ಟೇ ಉದ್ದ ಬಿಟ್ಟಿದ್ದ. ಕಾಮಾಕ್ಷಿಪಾಳ್ಯದಲ್ಲಿ ಸ್ನೇಹಿತರೊಬ್ಬರ ಗಾರ್ಮೆಂಟ್ಸ್ ಇತ್ತು. ಭಾನುವಾರ ಮೆಷಿನ್ ನಿಂತಿರುತ್ತಿತ್ತಲ್ಲ, ಮೇಲಿನ ಶೀಟಿನ ಹಾಲ್‌ನಲ್ಲಿ ಇವರ ಪ್ರಾಕ್ಟೀಸು. ಸುತ್ತ ಬಟ್ಟೆಯ ಬಂಡಲ್ ಪೇರಿಸಿದ್ದರೆ ಸದ್ದು ತಿರುಗಿ ಹೊಡೆಯುವುದಿಲ್ಲ ಎಂದು ಇವರೇ ಕಂಡುಕೊಂಡಿದ್ದರು. ಬಂಡಲ್ ಲೋಡಾಗಿ ಹೋದ ವಾರ ಪ್ರಾಕ್ಟೀಸು ಚೆನ್ನಾಗಿ ಆಗುತ್ತಿರಲಿಲ್ಲ. ನಾನು ಡಬ್ಬಿಯಲ್ಲಿ ಉಪ್ಪಿಟ್ಟು ಕಟ್ಟಿಕೊಡುತ್ತಿದ್ದೆ. ಸಂಜೆ ಡಬ್ಬಿ ವಾಪಸು ಬಂದಾಗ ಮುಚ್ಚಳಕ್ಕೆ ಬಣ್ಣಬಣ್ಣದ ದಾರದ ತುಂಡು ಅಂಟಿಕೊಂಡಿರುತ್ತಿದ್ದವು.

ಒಳ್ಳೆಯ ನಾಯಕ ಅವರು, ಇದನ್ನು ನಾನು ಹೇಳಲೇಬೇಕು. ಹುಡುಗರನ್ನು ಬೈದು ಕೆಲಸ ತೆಗೆಯುತ್ತಿರಲಿಲ್ಲ. ಯಾರಾದರೂ ತಾಳ ತಪ್ಪಿದರೆ ತಾವೇ ಬಾರಿಸುವುದನ್ನು ನಿಲ್ಲಿಸಿ, ಅವನ ಮುಖ ನೋಡುತ್ತಾ ನಗುತ್ತಾ ನಿಂತುಬಿಡುತ್ತಿದ್ದರು. "ಗುರುಗಳೇ, ಬೈದ್ಬಿಡಿ, ನಗ್ಬೇಡಿ," ಎಂದು ಡ್ರಮ್ಸಿನವನು ನನ್ನ ಎದುರಿಗೇ ಒಂದು ಸಲ ಕೈ ಮುಗಿದಿದ್ದ. ಕನ್ನಡದಲ್ಲೇ ರಾಕ್ ಮಾಡಬೇಕು ಎನ್ನುವುದು ಅವರ ಹಟ. ಆದರೆ ಅವರಿಗೆ ರಾಗ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ತಾವೇ ಬರೆದು ಎರಡು ಹಾಡು ಮಾಡಿದರು. ಜನ ಕೇಳಿದರು, ಮರೆತರು. "ಶಬ್ದ ಎಲ್ಲಿಂದ ತರ್ಲೇ?" ಎಂದು ಒಂದು ವರ್ಷ ಒದ್ದಾಡಿದರು.

ಈಗ ಬೀಸುಕಲ್ಲಿನ ವಿಷಯ ಹೇಳುತ್ತೇನೆ.

ನಮ್ಮೂರಿನಲ್ಲಿ ಹೆಂಗಸರು ರಾಗಿ ಬೀಸುವಾಗ ಪದ ಹಾಡುತ್ತಿದ್ದರು. ದೇವರ ಪದ ಮೊದಲು. ಆಮೇಲೆ ಕೈ ಬಿಸಿಯಾದ ಮೇಲೆ ಒಬ್ಬೊಬ್ಬಳೂ ತನ್ನ ಸ್ವಂತ ಪದ ಕಟ್ಟುತ್ತಿದ್ದಳು. ಅತ್ತೆ ಊಟಕ್ಕೆ ಇಕ್ಕದ್ದು, ಗಂಡ ಹೊಡೆದದ್ದು, ಅಣ್ಣ ಹಬ್ಬಕ್ಕೆ ಕರೆಯದೇ ಹೋದದ್ದು ಎಲ್ಲವೂ ಅದರಲ್ಲಿ ಬರುತ್ತಿತ್ತು. ಅತ್ತೆ ಪಕ್ಕದಲ್ಲೇ ಕಾಳು ಕೇರುತ್ತಿದ್ದರೂ ಸರಿ, ಗಂಡ ಜಗಲಿಯ ಮೇಲೆ ಕೂತಿದ್ದರೂ ಸರಿ. ಯಾರೂ ಅದನ್ನು ಆಮೇಲೆ ಎತ್ತುವಂತಿರಲಿಲ್ಲ. ಕಲ್ಲಿನ ಮುಂದೆ ಹೇಳಿದ್ದು ಕಲ್ಲಿಗೇ ಎನ್ನುತ್ತಿದ್ದರು. ಹೇಳಿದವಳು ಎದ್ದು ಬಂದು ಅದನ್ನು ಜಗಳಕ್ಕೆ ತರಬಾರದು, ಕೇಳಿದವರು ಯಾಕೆ ಅಂದೆ ಎಂದು ಕೇಳಬಾರದು. ಕಲ್ಲಿನ ಗೂಟಕ್ಕೆ ಎದುರು ಕೂತು ಕೈ ಕೊಟ್ಟವಳೂ ಈ ಕಟ್ಟುಪಾಡಿಗೆ ಸೇರಿದವಳೇ.

ನನ್ನ ಅಮ್ಮನ ಪದ ಅವಳ ಮೊದಲ ಮಗುವಿನದು. ನಾನು ಹುಟ್ಟುವುದಕ್ಕೆ ಮುಂಚಿನ ಗಂಡುಮಗು. ಎರಡು ವರ್ಷಕ್ಕೆ ವಾಂತಿ ಭೇದಿ ಹತ್ತಿತು. ಮಾಗಡಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಬಂಡಿ ಇತ್ತು, ಕೊಟ್ಟಿಗೆಯಲ್ಲಿ ಎತ್ತು ಇದ್ದವು. ಅಪ್ಪ ಬಂಡಿ ಹೂಡಲಿಲ್ಲ. ಮಾರನೆಯ ದಿನ ಮಗು ಹೋಯಿತು. ಅಮ್ಮ ಇದನ್ನು ಒಂದು ದಿನವೂ ಬಾಯಿಬಿಟ್ಟು ಅಪ್ಪನನ್ನು ಕೇಳಿದವಳಲ್ಲ. ಬೀಸುವಾಗ ಮಾತ್ರ ಹಾಡಿದಳು, ವರ್ಷಾನುಗಟ್ಟಲೆ ಹಾಡಿದಳು. ಹೂಡದ ಬಂಡಿ, ಮೇವು ಮೆಲ್ಲುತ್ತಾ ನಿಂತ ಎತ್ತು, ಹೊಸಿಲಲ್ಲಿ ನಿಂತ ತಾಯಿ. ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಹೇಗೂ ಬಾಯಿಪಾಠ. ಎದುರು ಕೂತು ಗೂಟ ಹಿಡಿದು ನಾನೂ ಕಲಿತೆ. ಅಪ್ಪ ಹೊರಗೆ ಕೇಳಿಸಿಕೊಳ್ಳುತ್ತಿದ್ದರು. ಕಟ್ಟು ಮೀರದೆ ಸುಮ್ಮನಿರುತ್ತಿದ್ದರು.

ಮದುವೆಯಲ್ಲಿ ಅಮ್ಮ ಒಂದು ಸಣ್ಣ ಬೀಸುಕಲ್ಲು ಕೊಟ್ಟಿದ್ದಳು. ರಾಜಾಜಿನಗರದ ಮಿಲ್ಲಿನಲ್ಲಿ ನಮಗಿಂತ ಮುಂಚೆ ಯಾರಾದರೂ ಮೆಣಸಿನಕಾಯಿ ಹಾಕಿಸಿದ್ದರೆ ಹುರಿಹಿಟ್ಟೆಲ್ಲ ಘಾಟು. ಅದಕ್ಕೆ ಹುರಿಹಿಟ್ಟನ್ನು ಮಾತ್ರ ನಾನು ಮನೆಯಲ್ಲೇ ಬೀಸುತ್ತಿದ್ದೆ. ಒಂದು ಮಧ್ಯಾಹ್ನ, ಮಕ್ಕಳು ಸ್ಕೂಲಿಗೆ ಹೋಗಿದ್ದರು, ಅವರು ಕೆಲಸದಲ್ಲಿದ್ದಾರೆ ಎಂದುಕೊಂಡು ನಾನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದೆ. ನೋಡಿದರೆ ನಿಮ್ಮ ಅಜ್ಜ ಬಾಗಿಲಲ್ಲಿ ನಿಂತಿದ್ದರು.

"ಇಷ್ಟು ವರ್ಷ ಆಯ್ತು, ನೀನು ಹಾಡ್ತೀಯ ಅಂತ್ಲೇ ನಂಗೊತ್ತಿಲ್ವಲ್ಲೇ."

"ಹಾಡಲ್ಲ ರೀ. ಇದು ಬೀಸೋ ಪದ."

"ಹೇಳು, ಇನ್ನೊಂದ್ಸಲ ಹೇಳು."

ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಕಲ್ಲಿನ ಕಟ್ಟನ್ನೆಲ್ಲ ಹೇಳಿದೆ. ಮಗುವಿನದನ್ನೂ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ಚಪ್ಪಲಿ ಬಿಟ್ಟು, ಪ್ಯಾಂಟ್ ಮಡಿಚಿಕೊಂಡು, ನನ್ನ ಎದುರಿಗೆ ನೆಲದ ಮೇಲೆ ಕೂತರು. ಗೂಟಕ್ಕೆ ಕೈ ಕೊಟ್ಟರು.

"ಈಗ ನಾನೂ ಒಳಗಿನೋನೇ ತಾನೆ? ಕಲ್ಲಾಣೆ ಕಣೇ, ಇಲ್ಲಿಂದ ಆಚೆ ಹೋಗಲ್ಲ."

ಗಂಡಸೊಬ್ಬ ಹಾಗೆ ಕೂತು ಬೀಸುವುದನ್ನು ನಾನು ಕಂಡಿರಲಿಲ್ಲ. ಅವರ ಎಡಗೈ ಬೆರಳುಗಳ ತುದಿ ತಂತಿ ಒತ್ತಿ ಒತ್ತಿ ಕೊರಡಾಗಿದ್ದವು. ಆ ಕೈ ನನ್ನ ಕೈ ಮೇಲೆ ಇತ್ತು. ನನಗೆ ತುಂಬಾ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅಮ್ಮನ ಹನ್ನೊಂದು ಪದಗಳಲ್ಲಿ ನಾಲ್ಕು ಹಾಡಿದೆ. ಕಾಳು ಮುಗಿದದ್ದಕ್ಕೆ ನಿಲ್ಲಿಸಿದೆ, ಇಲ್ಲದಿದ್ದರೆ ಎಲ್ಲವನ್ನೂ ಹಾಡಿಬಿಡುತ್ತಿದ್ದೆ.

ನಾಲ್ಕು ತಿಂಗಳಿಗೆ ವಿಜಯನಗರದಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. "ಹೊಸ ಹಾಡಿದೆ, ಬಾ," ಎಂದು ಕರೆದಿದ್ದರು. ನಾನು ಹೆಂಗಸರ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತೆ. ಇವರು ಎಡಗೈಯಿಂದ ತಂತಿಗಳನ್ನು ಅದುಮಿ ಹಿಡಿದು, ಬಲಗೈಯಿಂದ ಉಜ್ಜತೊಡಗಿದರು. ಗರ, ಗರ, ಗರ. ಪ್ರತಿ ಸುತ್ತಿಗೂ ಒಂದು ಸಣ್ಣ ತಡೆ. ಬೀಸುವಾಗ ಕಾಳು ಹಾಕಲು ಕೈ ಸಡಿಲಿಸುತ್ತೇವಲ್ಲ, ಆ ತಡೆ. ಮಾತು ಬರುವ ಮುಂಚೆಯೇ ನನಗೆ ಗೊತ್ತಾಗಿಹೋಯಿತು. ಆಮೇಲೆ ಆ ಉದ್ದ ಕೂದಲಿನ ಹುಡುಗ ನನ್ನ ಅಮ್ಮನ ಪದವನ್ನು ಮೈಕಿನಲ್ಲಿ ಕಿರುಚಿದ. ಹೂಡದ ಬಂಡಿ ಎಂದಾಗ ಮುಂದಿದ್ದ ಹುಡುಗರು ಕೈ ಮೇಲೆತ್ತಿ ಕುಣಿದರು. "ಒನ್ಸ್ ಮೋರ್ ಗುರೂ!" ಎಂದು ಕೂಗಿದರು. ನಾನು ಸೆರಗು ಮುಖಕ್ಕೆ ಹಿಡಿದುಕೊಂಡು ಎದ್ದು ಬಂದೆ.

ಮನೆಗೆ ಬಂದವರು ಇನ್ನೂ ಬೆವರುತ್ತಿದ್ದರು. ಮುಖದಲ್ಲಿ ಬೆಳಕು.

"ಹೆಂಗಿತ್ತು?"

"ಕಲ್ಲಾಣೆ ಅಂದ್ರಿ."

"ಅಯ್ಯೋ, ಹೆಸರು ಹಾಕಿದೀನೇನೇ? ಯಾರ ಬಂಡಿನೋ, ಯಾರ ಮಗುನೋ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲ ರೀ."

ಅವರು ಬೆವರಿದ ಅಂಗಿ ಬಿಚ್ಚಿದರು. ಆಮೇಲೆ, "ಇಷ್ಟು ವರ್ಷದಲ್ಲಿ ಜನ ಮೊದಲನೇ ಸಲ ನನ್ನ ಹಾಡು ಇನ್ನೊಂದ್ಸಲ ಕೇಳಿದ್ರು ಕಣೇ," ಎಂದರು. ಅಳುವಂತಿತ್ತು ದನಿ. ನಾನು ಅನ್ನ ಬಡಿಸಿದೆ.

ಕ್ಯಾಸೆಟ್ ಬಂತು, ಸಿಡಿ ಬಂತು, ಎಫ್‌ಎಂನಲ್ಲಿ ಬಂತು. ಕ್ಯಾಸೆಟ್ಟಿನ ಮೇಲೆ ಸಾಹಿತ್ಯ ಮತ್ತು ಸಂಗೀತ ಎಂದು ಅವರ ಹೆಸರೇ ಇತ್ತು. ಟಿವಿಯಲ್ಲಿ ಒಬ್ಬ ಹುಡುಗಿ, ಈ ಸಾಲು ಹೇಗೆ ಹೊಳೆಯಿತು ಸಾರ್ ಎಂದು ಕೇಳಿದರೆ, "ಹಂಗೇ, ಮಧ್ಯಾಹ್ನ ಒಂದಿನ ಕೂತಿದ್ದಾಗ ಬಂತು," ಎಂದು ನಕ್ಕರು. ನಾನು ಸೌಂಡ್ ಕಮ್ಮಿ ಮಾಡಿದೆ. ಅವರ ಹೆಸರು ಇದ್ದದ್ದೇ ಒಳ್ಳೆಯದು ಎಂದೂ ಅನ್ನಿಸುತ್ತಿತ್ತು. ಊರಿಗೆ ಆ ಹಾಡು ಹೋದರೂ ಅದು ಅಮ್ಮನದು ಎಂದು ಗೊತ್ತಾಗುವುದು ಬೇಡ, ಅಷ್ಟು ಉಳಿದರೆ ಸಾಕು ಎಂದುಕೊಂಡಿದ್ದೆ.

ಮರುವರ್ಷದ ಅವರೆಕಾಯಿ ಕಾಲದಲ್ಲಿ ಅಮ್ಮ ಒಬ್ಬಳೇ ಬಂದಳು. ಚೀಲ ಇಳಿಸಿ, ಕಾಲು ತೊಳೆದು, ಕಾಯಿ ಬಿಡಿಸಲು ಕೂತಳು.

"ನಮ್ಮೂರ್ ಟೀ ಅಂಗ್ಡೀಲಿ ಒಂದ್ ಹಾಡ್ ಹಾಕ್ತಾರೆ," ಎಂದಳು.

ನಾನು ಕಾಯಿ ಬಿಡಿಸುತ್ತಲೇ ಇದ್ದೆ.

"ನೀನೇ ಕೊಟ್ಯಾ?"

"ಕಲ್ಲಿನ್ ಮುಂದೇನೇ ಹೇಳಿದ್ದು ಕಣಮ್ಮ. ಅವ್ರೂ ಗೂಟ ಹಿಡಿದಿದ್ರು."

ಅಮ್ಮ ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ, "ಗಂಡುಸ್ಗೆ ಕಲ್ಲೇನ್ ಗೊತ್ತು," ಎಂದಳು. "ಹೋಗ್ಲಿ ಬುಡು. ನಿಮ್ಮಪ್ಪಂಗೆ ಕಿವಿ ಮಂದ. ಅದು ಯಾರ್ದು ಅಂತ ಊರಲ್ಲಿ ಯಾರ್ಗೂ ತಿಳೀದು. ಅಳೀಮಯ್ಯಂಗೆ ಇಷ್ಟೇ ಹೇಳು. ಹಾಡ್ಕಳ್ಳಿ, ನನ್ನ್ ಹೆಸರ್ ಮಾತ್ರ ಎತ್ತಬಾರ್ದು. ನಾನು ಇನ್ನೂ ಆ ಮನೇಲಿ ಬಾಳ್ಬೇಕು."

ನಾನು ಅಂದೇ ಹೇಳಿದೆ. ಅವರು ಗಿಟಾರಿಗೆ ಹೊಸ ತಂತಿ ಹಾಕುತ್ತಿದ್ದರು. "ಅತ್ತೆಗೆ ಎಷ್ಟು ಸಂಕೋಚ ನೋಡು, ಥೇಟ್ ನಿನ್ನ ಹಂಗೆ," ಎಂದರು. ಅಮ್ಮ ಹೇಳಿದ್ದು ಅವರಿಗೆ ಸಂಕೋಚವಾಗಿ ಕೇಳಿಸಿತು. ಅದು ಸಂಕೋಚವಲ್ಲ ಎಂದು ನಾನು ಬಿಡಿಸಿ ಹೇಳಬೇಕಿತ್ತು. ಎದುರು ನಿಂತು ಎರಡನೇ ಸಲ ಹೇಳುವ ಅಭ್ಯಾಸ ನನಗಿರಲಿಲ್ಲ. ಆ ತಪ್ಪು ನನ್ನದು.

ಮುಂದಿನ ಗಣೇಶನ ಹಬ್ಬಕ್ಕೆ ನಮ್ಮೂರಿನ ಯುವಕರು ಬ್ಯಾಂಡನ್ನು ಕರೆಸಿದರು. ಊರಿನ ಅಳಿಯ ಎಂದು ಇವರಿಗೆ ಪೇಟ ಕಟ್ಟಿದರು. ಅಪ್ಪನಿಗೆ ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಮಾವನವರು ಅಂತ. ಅಮ್ಮ, ನಾನು ಹೆಂಗಸರ ಕಡೆ. ಬಂಡಿ ಹಾಡಿಗೆ ಮುಂಚೆ ಇವರು ಮೈಕ್ ಹಿಡಿದರು. ಮೈಕಿನಲ್ಲಿ ಮಾತಾಡುವ ಅಭ್ಯಾಸ ಅವರಿಗೂ ಇರಲಿಲ್ಲ.

"ಒಂದು ತಪ್ಪು ಒಪ್ಕೋತೀನಿ. ಈ ಹಾಡು ನಂದು ಅಂತ ಎಲ್ಲಾ ಕಡೆ ಹೇಳ್ಕೊಂಡು ಬಂದೆ. ನಂದಲ್ಲ. ನಮ್ಮತ್ತೆ ಕಟ್ಟಿದ್ದು. ಅವರು ಪಟ್ಟ ಕಷ್ಟದಲ್ಲಿ ಕಟ್ಟಿದ್ದು. ಅಮ್ಮಾ, ದಯವಿಟ್ಟು ವೇದಿಕೆಗೆ ಬನ್ನಿ."

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಬೆಂಗಳೂರಿನಿಂದಲೇ ತಂದಿಟ್ಟಿದ್ದರು. ನನಗೂ ಹೇಳಿರಲಿಲ್ಲ.

ಚಪ್ಪಾಳೆ ಬಿತ್ತು. ಹುಡುಗರು ಶಿಳ್ಳೆ ಹಾಕಿದರು. ಅರವತ್ತು ದಾಟಿದವರು ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅವರಿಗೆಲ್ಲ ಆ ಮಗು ನೆನಪಿತ್ತು. ಒಬ್ಬೊಬ್ಬರಾಗಿ ತಲೆ ತಿರುಗಿಸಿ ಅಪ್ಪನ ಕುರ್ಚಿಯ ಕಡೆ ನೋಡಿದರು. ಅಮ್ಮ ಏಳಲಿಲ್ಲ. ಇವರೇ ಕೆಳಗಿಳಿದು ಬಂದು, ಅವಳ ಹೆಗಲಿಗೆ ಶಾಲು ಹೊದಿಸಿ, ಕಾಲು ಮುಟ್ಟಿ, ಮೇಲೆ ಹೋಗಿ ಹಾಡು ಶುರು ಮಾಡಿದರು. ಅಮ್ಮ ಶಾಲು ಮಡಿಸಿ ನನ್ನ ತೊಡೆಯ ಮೇಲಿಟ್ಟಳು. "ಎದ್ದ್ ಬಾ ಅಂತ ನಿಮ್ಮಪ್ಪಂಗೆ ಹೇಳು," ಎಂದಳು. ಅಪ್ಪ ಆಗಲೇ ಎದ್ದಿದ್ದರು. ದಾರಿಯಲ್ಲಿ ಯಾವನೋ ಹುಡುಗ, ಕೆಟ್ಟದ್ದಕ್ಕಲ್ಲ, ತಮಾಷೆಗೇ, "ಯಜಮಾನ್ರೇ, ಆ ಬಂಡಿ ಇನ್ನೂ ಐತಾ?" ಎಂದ. ಅಪ್ಪನಿಗೆ ಅಷ್ಟು ಕೇಳಿಸುತ್ತಿತ್ತು.

ಮಾರನೆಯ ಬೆಳಿಗ್ಗೆ ಅಪ್ಪ ಜಗಲಿಯ ಮೇಲೆ ಕೂತಿದ್ದರು. ನಾನು ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು, ಯಾರನ್ನೂ ನೋಡದೆ ಹೇಳಿದರು. "ಎಡಗಡೆ ಎತ್ತು ಕುಂಟ್ತಿತ್ತು ಕಣವ್ವ. ಗೊರಸಿಗೆ ಮುಳ್ಳು ಹೊಕ್ಕಿತ್ತು. ಹೂಡಿದ್ರೆ ದಾರೀಲೇ ಮಲ್ಗ್ಬುಡೋದು."

ನಲವತ್ತು ವರ್ಷದಲ್ಲಿ ಮೊದಲ ಸಲ ಅಪ್ಪ ಆ ಮಾತು ಆಡಿದ್ದು. ಕಲ್ಲಿನ ಕಟ್ಟುಪಾಡಿಗೆ ಸಿಕ್ಕಿ ಅಷ್ಟೂ ವರ್ಷ ಅವರಿಗೆ ಉತ್ತರ ಹೇಳಲು ಜಾಗವೇ ಇರಲಿಲ್ಲ. ನನಗೆ ಅಪ್ಪನ ಮೇಲೆ ಕನಿಕರ ಬಂತು. ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದು ಹೊಸಿಲ ಮೇಲೆ ನಿಂತಳು.

"ಕುಂಟ್ತಿದ್ದಿದ್ದು ನಂಗೂ ಗೊತ್ತು. ಪಕ್ಕದ್ಮನೇಲಿ ಎತ್ತಿರ್ಲಿಲ್ವಾ? ನೀನ್ ಮಾತ್ ಬಿಟ್ಟಿದ್ದೆ ಅವ್ರ್ ಕೂಟೆ, ಬದುವಿನ್ ಜಗಳಕ್ಕೆ. ಹೋಗಿ ಕೇಳೋಕೆ ನಿಂಗೆ ಆಗ್ಲಿಲ್ಲ."

ಅಪ್ಪ ಲೋಟವನ್ನು ಜಗಲಿಯ ಮೇಲಿಟ್ಟರು. ಕಾಫಿ ತಣ್ಣಗಾಯಿತು. ಮುಂದೆ ನಾಲ್ಕು ವರ್ಷ ಇಬ್ಬರೂ ಅದೇ ಮನೆಯಲ್ಲಿ ಇದ್ದರು. ಅಮ್ಮ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು, ಅಪ್ಪ ಉಂಡು ತಟ್ಟೆ ತಾವೇ ತೊಳೆಯುತ್ತಿದ್ದರು. ನಲವತ್ತು ವರ್ಷ ಬೀಸುತ್ತಾ, ಹಾಡುತ್ತಾ, ಕೇಳುತ್ತಾ ಹೇಗೋ ಸಾಗಿಬಂದ ಸಂಸಾರ. ಒಂದು ಶಾಲಿನಿಂದ ಹೀಗಾಯಿತು.

ಹೊರಡುವಾಗ ಅಮ್ಮ ಎಂದಿನಂತೆ ರಾಗಿ, ಹುರುಳಿ ಕಟ್ಟಿಕೊಟ್ಟಳು. ಬಸ್‌ಸ್ಟಾಪಿನವರೆಗೂ ಬಂದಳು. ಬಸ್ಸು ಕಂಡಾಗ ಹೇಳಿದಳು. "ಅವ್ರನ್ನ ನಾನು ಏನೂ ಅನ್ನಲ್ಲ. ಅವ್ರು ಹೊರಗಿನೋರು. ಕಲ್ಲಿಗ್ ಕೊಟ್ಟಿದ್ದನ್ನ ಎತ್ಕೊಟ್ಟೋಳು ನೀನು."

ಅದಾದ ಮೇಲೆ ನಾನು ಊರಿಗೆ ಹೋದಾಗೆಲ್ಲ ಮೂರೇ ಮಾತು. ಬಂದ್ಯಾ. ಉಂಡ್ಯಾ. ಹೊರಟ್ಯಾ. ಆಸ್ಪತ್ರೆಯಲ್ಲಿ ಕೊನೆಯ ವಾರ ಪಕ್ಕದಲ್ಲೇ ಕೂತಿದ್ದೆ. ಕೈ ಹಿಡಿದುಕೊಂಡರೆ ಬಿಡಿಸಿಕೊಳ್ಳುತ್ತಿರಲಿಲ್ಲ, ಅಷ್ಟೇ. ಏನಾದರೂ ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ.

ನಿಮ್ಮ ಅಜ್ಜನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡು ಸನ್ಮಾನ ಮಾಡಿದೆನಲ್ಲ, ಇನ್ನೇನು ಎನ್ನುತ್ತಿದ್ದರು. ನಾನು ಅವರೊಂದಿಗೆ ಬಾಳಿದೆ, ನಗುವಾಗ ನಕ್ಕೆ, ಕಾಯಿಲೆಯಲ್ಲಿ ನೋಡಿಕೊಂಡೆ. ನಂಬುವುದನ್ನು ಮಾತ್ರ ಬಿಟ್ಟಿದ್ದೆ. ಮನಸ್ಸಿನ ಮಾತನ್ನು ಅವರ ಮುಂದೆ ಮತ್ತೆ ಆಡಲಿಲ್ಲ. ಅವರು ಅದನ್ನೂ ನನ್ನ ಸಂಕೋಚ ಎಂದುಕೊಂಡರು.

ಆ ಹಾಡಿನಂಥದ್ದು ಇನ್ನೊಂದು ಅವರಿಗೆ ಬರಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಮದುವೆ, ಕೆಲಸ ಎಂದು ಬಿಟ್ಟರು. ಹಾಡುವವನು ಬೇರೆ ಬ್ಯಾಂಡ್ ಮಾಡಿಕೊಂಡು ಹೋದ, ಬಂಡಿ ಹಾಡನ್ನೂ ಹಾಡಿಕೊಂಡ. "ನನ್ನ ಹಾಡು ಎತ್ಕೊಂಡು ಹೋದ, ಹೇಳ್ದೆ ಕೇಳ್ದೆ!" ಎಂದು ಇವರು ವಾರಗಟ್ಟಲೆ ಊಟ ಸರಿಯಾಗಿ ಮಾಡಲಿಲ್ಲ. ನಾನು ಅವರ ಮುಖ ನೋಡಿದೆ. ಯಾಕೆ ನೋಡಿದೆ ಎಂದು ಅವರಿಗೆ ತಿಳಿಯಲಿಲ್ಲ. ಆಮೇಲೆ ಅನ್ನಪೂರ್ಣೇಶ್ವರಿ ನಗರದ ಈ ಮನೆಯ ಹಾಲ್‌ನಲ್ಲಿ ಪಾಠ ಹೇಳಿಕೊಂಡಿದ್ದರು. ನೀವು ಕಂಡದ್ದು ಆ ಅಜ್ಜನನ್ನು.

ಕೊನೆಯ ಬೇಸಿಗೆಯಲ್ಲಿ ಅವರು ಮಂಚದಿಂದ ಏಳುತ್ತಿರಲಿಲ್ಲ. ಗಿಟಾರ್ ಹಿಡಿಯುವ ಶಕ್ತಿ ಇರಲಿಲ್ಲ, ಬೆರಳು ಹೊದಿಕೆಯ ಮೇಲೆ ಆಡುತ್ತಿದ್ದವು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ.

"ಅತ್ತೆ ಪದ ಇನ್ನೂ ಇದ್ವಲ್ಲೇ. ನೀನು ನಾಲ್ಕೇ ಹೇಳಿದ್ದು. ಆಮೇಲೆ ಏನಾಯ್ತು? ಮಗು ಹೋದ್ಮೇಲೆ ಅವರು ಏನ್ ಹಾಡ್ತಿದ್ರು?"

"ಯಾಕೆ ಈಗ?"

"ಸುಮ್ನೆ. ಕೇಳ್ಬೇಕು ಅನ್ನಿಸ್ತಿದೆ. ಯಾರಿಗ್ ಹೇಳ್ಲಿ ಇನ್ನು ನಾನು? ಹೇಳೇ."

ಅವರು ಹೇಳುತ್ತಿದ್ದದ್ದು ನಿಜವೇ ಇರಬೇಕು. ಕಣ್ಣಿನಲ್ಲಿ ಆಸೆ ಇತ್ತು. ಬಾಯಲ್ಲಿದ್ದ ಗಂಜಿ ನುಂಗುವುದನ್ನೂ ಮರೆತು ನನ್ನ ಕಡೆ ನೋಡುತ್ತಿದ್ದರು.

"ಮರೆತ್ಹೋಗಿದೆ ರೀ," ಎಂದೆ.

ಅವರು ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಟವೆಲ್ಲಿನಿಂದ ಅವರ ಗದ್ದ ಒರೆಸಿದೆ. ಅವರಿಗೆ ನಾನು ಹೇಳಿದ ಸುಳ್ಳು ಅದೊಂದೇ. ಮಿಕ್ಕ ಏಳು ಪದವೂ ನನಗೆ ಬರುತ್ತವೆ. ಅವನ್ನು ನೀವೂ ಕೇಳಬೇಡಿ.